ಪ್ರತಿಕ್ರಿಯೆ: ಹಳೆಯ ಬಾಗಿಲಿಗೆ ಹಾಕಿದ ಹೊಸ ಹಿಡಿಕೆಗಳ ಹೊಳಪು ಏಳುತ್ತಿರುವುದು

ಹಳೆಯ ಮಾದರಿಯವೆಂದು ಕೊಂಡ ಹಿಡಿಕೆಗಳ ಹೊಳಪು ಒಂದೇ ವರ್ಷದಲ್ಲಿ ಸಿಪ್ಪೆಯಂತೆ ಏಳುತ್ತಿದೆ ಎಂದಿದ್ದೀರಿ. ಅವು ಗಟ್ಟಿ ಹಿತ್ತಾಳೆಯವಲ್ಲದೆ, ಸತುವಿನ ಮಿಶ್ರಲೋಹದ ಎರಕಕ್ಕೆ ಹಿತ್ತಾಳೆಯ ಲೇಪ ಕೊಟ್ಟವಾಗಿರುವುದೇ ಬಹುಮಟ್ಟಿಗೆ ಕಾರಣ. ಅಪ್ಪಟ ಹಿತ್ತಾಳೆಯ ಮೇಲಿನ ವಾರ್ನಿಶ್ ಮಾತ್ರ ಏಳುತ್ತಿರುವ ಸಾಧ್ಯತೆಯೂ ಇರುವುದರಿಂದ, ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಒಂದನ್ನು ಬಿಚ್ಚಿ, ಬಾಗಿಲಿಗೆ ತಾಗಿಕೊಂಡಿರುವ ಹಿಂಬದಿಯನ್ನು ಅರದಿಂದ ತುಸು ಆಳವಾಗಿ ಉಜ್ಜಿ ನೋಡಿ. ಒಳಗೂ ಹಳದಿಯೇ ಇದ್ದರೆ ಅದು ಹಿತ್ತಾಳೆ, ವಾರ್ನಿಶ್ ತೆಗೆದು ಹಾಗೆಯೇ ಬಳಸಬಹುದು. ಬೂದುಬಿಳುಪು ಕಂಡರೆ ಸತು, ಅದರ ಮೇಲೆ ಶ್ರಮ ವ್ಯರ್ಥ. ಅಯಸ್ಕಾಂತದ ಪರೀಕ್ಷೆ ಸಾಲದು: ಅದು ಕಬ್ಬಿಣವನ್ನಷ್ಟೇ ಹಿಡಿದುಕೊಡುತ್ತದೆ, ಸತುವಿಗೂ ಅಂಟದು, ಹಿತ್ತಾಳೆಗೂ ಅಂಟದು.

ಹೊಸದನ್ನು ಕೊಳ್ಳುವ ಮೊದಲು ಬಾಗಿಲಿನ ದಪ್ಪ, ಬಾಗಿಲಿನ ಅಂಚಿನಿಂದ ಹಿಡಿಕೆಯ ಸರಳಿನ (ಬೀಗದೊಳಗೆ ಹಾದುಹೋಗುವ ಚೌಕ ಕಡ್ಡಿಯ) ನಡುವಿಗಿರುವ ದೂರ, ಅಲ್ಲಿಂದ ಕೀಲಿರಂಧ್ರದ ನಡುವಿಗಿರುವ ದೂರ ಮತ್ತು ಚೌಕ ಸರಳಿನ ದಪ್ಪವನ್ನು ಮಿಲಿಮೀಟರುಗಳಲ್ಲಿ ಬರೆದುಕೊಳ್ಳಿ. ಈಗಿನ ಹಿಡಿಕೆಗಳಲ್ಲಿ 8 ಮಿ.ಮೀ. ಸರಳು ಸಾಮಾನ್ಯ, ಹಳೆಯ ಬೀಗದ ಚೌಕ ರಂಧ್ರ ಅದಕ್ಕಿಂತ ದೊಡ್ಡದಾಗಿದ್ದರೆ ಹಿಡಿಕೆ ಲೊಡಬಡ ಅಲುಗಾಡುತ್ತದೆ. ಮಾರುವವರನ್ನು ‘ಹಿತ್ತಾಳೆಯೇ?’ ಎಂದು ಕೇಳಿದರೆ ಹೌದೆಂದೇ ಉತ್ತರ ಬರುತ್ತದೆ; ಆದ್ದರಿಂದ ಎರಕದ ಮೂಲಲೋಹ ಯಾವುದು, ಮೇಲೆ ವಾರ್ನಿಶ್ ಇದೆಯೇ ಎಂಬುದನ್ನು ಬರಹದಲ್ಲಿ ಪಡೆದು, ಮೊದಲು ಒಂದೇ ಜೊತೆ ತರಿಸಿ.

ಕೂರಿಸುವಾಗ ಒಂದು ಎಚ್ಚರಿಕೆ. ಹಿತ್ತಾಳೆಯ ಸ್ಕ್ರೂ ಮೆತ್ತಗಿನದು. ಮರದಲ್ಲಿ ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಒಮ್ಮೆ ಹಾಕಿ ತೆಗೆದ ಮೇಲಷ್ಟೇ ಹಿತ್ತಾಳೆಯದನ್ನು ತಿರುಗಿಸಿ. ಇಲ್ಲವಾದರೆ ತಲೆ ಮುರಿದು ಉಳಿದರ್ಧ ಮರದೊಳಗೇ ಸಿಕ್ಕಿಕೊಳ್ಳುತ್ತದೆ, ನನಗೆ ಎರಡು ಸಲ ಹಾಗಾಗಿದೆ.