ಮೈಸೂರಿಗೆ ವಿಮಾನ ಬರುವುದೂ ನಿಲ್ಲುವುದೂ ಯಾಕೆ? ಮಂಡಕಳ್ಳಿಯ 1740 ಮೀಟರಿನ ಕಥೆ

ನಿಮ್ಮ ಪ್ರಶ್ನೆ ಹೀಗಿದೆ: "ಮೈಸೂರು ಇಷ್ಟು ದೊಡ್ಡ ಊರು, ಪ್ರವಾಸಿಗರಿಗೆ ಬರವಿಲ್ಲ. ಆದರೂ ಇಲ್ಲಿಗೆ ಫ್ಯಾನ್ ಇರೋ ಸಣ್ಣ ವಿಮಾನ ಮಾತ್ರ ಯಾಕೆ ಬರುತ್ತೆ? ಅದೂ ಒಂದೆರಡು ವರ್ಷ ಹಾರಾಡಿ ನಿಂತುಹೋಗುತ್ತೆ. ಮೈಸೂರಿನವರು ವಿಮಾನ ಹತ್ತಲ್ಲ ಅಂತಾನಾ?"

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಲ್ಲ, ಮೈಸೂರಿನವರು ಹತ್ತುತ್ತಾರೆ. ಮೈಸೂರಿನ ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯಲ್ಲಿ ಕೆಲವು ವರ್ಷ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸ ಮಾಡಿದವನು ನಾನು. ಲಗೇಜು ಏರಿಸಿದ್ದೇನೆ, ಗಾಲಿ ಉರುಳದ ಹಾಗೆ ಅಡ್ಡಕ್ಕೆ ಚಾಕ್ ಇಟ್ಟಿದ್ದೇನೆ, ಮಳೆಯಲ್ಲಿ ಕೊಡೆ ಹಿಡಿದು ಪ್ರಯಾಣಿಕರನ್ನು ವಿಮಾನದವರೆಗೆ ಕರೆದುಕೊಂಡು ಹೋಗಿದ್ದೇನೆ. ತುಂಬಿದ ವಿಮಾನಗಳನ್ನು ಕಣ್ಣಾರೆ ನೋಡಿದ್ದೇನೆ. ಅಡ್ಡಿ ಇರುವುದು ಜನರಲ್ಲಲ್ಲ, ನೆಲದಲ್ಲಿ. ನಮ್ಮ ರನ್‌ವೇ ಉದ್ದ 1740 ಮೀಟರ್. ಅಷ್ಟರಲ್ಲಿ ಏರ್‌ಬಸ್ 320, ಬೋಯಿಂಗ್ 737ರಂಥ ಜೆಟ್‌ಗಳು ಪೂರ್ತಿ ಪ್ರಯಾಣಿಕರನ್ನು ತುಂಬಿಕೊಂಡು ದೂರದ ಊರಿಗೆ ಹೊರಡಲು ಆಗುವುದಿಲ್ಲ. ಉಳಿದದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ.

ಮೊದಲು ಸ್ವಲ್ಪ ಹಳೆಯ ಕಥೆ. ಈ ಏರೋಡ್ರೋಮ್ ಮಹಾರಾಜರ ಕಾಲದ್ದು, 1940ರ ಆಸುಪಾಸಿನದು. ಬೆಂಗಳೂರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದ್ದೂ 1940ರ ಡಿಸೆಂಬರಿನಲ್ಲೇ. ವಿಮಾನದ ಬಗ್ಗೆ ಮೈಸೂರು ಸಂಸ್ಥಾನಕ್ಕೆ ಎಷ್ಟು ಆಸೆ ಇತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. 1980ರ ದಶಕದಲ್ಲಿ ವಾಯುದೂತ್ ಅನ್ನುವ ಸರ್ಕಾರಿ ವಿಮಾನ ಕಂಪನಿ ಕೆಲಕಾಲ ಇಲ್ಲಿಂದ ಹಾರಿತು. ಆಮೇಲೆ ಬಹಳ ವರ್ಷ ಮಂಡಕಳ್ಳಿ ಅಂದರೆ ಗಣ್ಯರ ಹೆಲಿಕಾಪ್ಟರ್ ಇಳಿಯುವ ಬಯಲು, ಅಷ್ಟೆ. ಸುತ್ತಲಿನ ಊರಿನ ಹಿರಿಯರು ಅಲ್ಲಿ ದನ ಮೇಯಿಸಿದ್ದನ್ನು ಈಗಲೂ ಹೇಳುತ್ತಾರೆ.

ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ, ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ. ಅದೇ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಎಟಿಆರ್ ಅನ್ನುವ, ಫ್ಯಾನಿನಂಥ ಪ್ರೊಪೆಲರ್ ಇರುವ ಸಣ್ಣ ವಿಮಾನ ಶುರು ಮಾಡಿತು. ಮುಂದಿನ ವರ್ಷದ ನವೆಂಬರ್ ಹೊತ್ತಿಗೆ ಆ ಕಂಪನಿಯೇ ಸಾಲದಲ್ಲಿ ಮುಳುಗುತ್ತಿತ್ತು, ಮೈಸೂರಿನ ವಿಮಾನ ನಿಂತಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಎರಡು ವರ್ಷ ತುಂಬುವ ಮೊದಲೇ ಹೋಯಿತು. 2015ರಲ್ಲಿ ಏರ್ ಇಂಡಿಯಾ ಬಳಗದ ವಿಮಾನ ಸ್ವಲ್ಪ ದಿನ ಬೆಂಗಳೂರಿಗೆ ಓಡಾಡಿತು. 2017ರ ಸೆಪ್ಟೆಂಬರಿನಲ್ಲಿ ಸಣ್ಣ ಊರುಗಳಿಗೂ ವಿಮಾನ ಜೋಡಿಸುವ ಕೇಂದ್ರದ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾ ಅಂತ ಹಲವು ಊರು ಜೋಡಿಸಿತು. ಆಮೇಲೆ ಇಂಡಿಗೋ ಬಂತು, ಅದೂ ಎಟಿಆರ್ ತೆಗೆದುಕೊಂಡೇ.

ಈ ಪಟ್ಟಿಯಲ್ಲಿ ಒಂದು ವಿಷಯ ಗಮನಿಸಿ. ಬಂದ ಪ್ರತಿಯೊಂದು ಕಂಪನಿಯೂ ಪ್ರೊಪೆಲರ್ ವಿಮಾನದಲ್ಲೇ ಬಂದಿದೆ. ದೇಶದಲ್ಲಿ ಆ ವಿಮಾನ ಇಟ್ಟುಕೊಂಡಿರುವ ಕಂಪನಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಬಾಗಿಲು ಹಾಕಿದರೆ, ಇಲ್ಲವೇ ತನ್ನ ವಿಮಾನವನ್ನು ಬೇರೆ ಊರಿಗೆ ಕಳಿಸಿದರೆ, ಆ ಜಾಗಕ್ಕೆ ಮತ್ತೊಬ್ಬರು ಬರಲು ಮೈಸೂರಿನಲ್ಲಿ ದಾರಿಯೇ ಇಲ್ಲ. ಬೇರೆ ಊರುಗಳಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರ ಜೆಟ್ ಬಂದು ಇಳಿಯುತ್ತದೆ.

ಈಗ ರನ್‌ವೇ ವಿಷಯಕ್ಕೆ ಬರೋಣ. ತುಂಬಾ ಜನ ಕೇಳುತ್ತಾರೆ, "ವಿಮಾನ ಸಾವಿರ ಮೀಟರ್ ಓಡೋ ಹೊತ್ತಿಗೆ ಮೇಲೆ ಎದ್ದಿರುತ್ತಲ್ಲ, 1740 ಯಾಕೆ ಸಾಲಲ್ಲ?" ಎಲ್ಲ ಸರಿಯಿದ್ದಾಗ ಏಳುತ್ತದೆ, ನಿಜ. ಆದರೆ ಲೆಕ್ಕ ಹಾಕುವುದು ಎಲ್ಲ ಸರಿಯಿದ್ದಾಗಿನದ್ದಲ್ಲ. ಪೂರ್ತಿ ವೇಗಕ್ಕೆ ಹತ್ತಿರ ಬಂದಾಗ ಒಂದು ಎಂಜಿನ್ ಕೆಟ್ಟಿತು ಅಂದುಕೊಳ್ಳಿ. ಆ ಕ್ಷಣದಲ್ಲಿ ಪೈಲಟ್ ಬ್ರೇಕ್ ಹಾಕಿದರೆ ಉಳಿದ ರನ್‌ವೇಯಲ್ಲೇ ನಿಲ್ಲಬೇಕು; ಹಾರುವುದೇ ಸರಿ ಅಂದುಕೊಂಡರೆ ಉಳಿದ ಒಂದೇ ಎಂಜಿನ್‌ನಲ್ಲಿ ಮೇಲೇಳಬೇಕು. ಎರಡಕ್ಕೂ ಜಾಗ ಇದ್ದರೆ ಮಾತ್ರ ಹೊರಡಬಹುದು. ಎಟಿಆರ್ 72 ತುಂಬಿದಾಗ ತೂಗುವುದು ಸುಮಾರು 23 ಟನ್. ಸಮುದ್ರ ಮಟ್ಟದಲ್ಲಿ, ಹದವಾದ ಹವೆಯಲ್ಲಿ ಅದಕ್ಕೆ ಸುಮಾರು 1300 ಮೀಟರ್ ಸಾಕು. ಏರ್‌ಬಸ್ 320 ತುಂಬಿದರೆ ಹತ್ತಿರ ಹತ್ತಿರ 78 ಟನ್, ಅದಕ್ಕೆ 2000 ಮೀಟರಿಗೂ ಹೆಚ್ಚು ಬೇಕು.

ಮೈಸೂರು ಸಮುದ್ರ ಮಟ್ಟದಲ್ಲಿಲ್ಲ. ವಿಮಾನ ನಿಲ್ದಾಣ ಇರುವುದು 700 ಮೀಟರಿಗೂ ಎತ್ತರದಲ್ಲಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಬಿಸಿಲು ಏರಿದರೆ ಇನ್ನೂ ತೆಳು. ರೆಕ್ಕೆಗೂ ಪ್ರೊಪೆಲರಿಗೂ ಹಿಡಿತ ಸಿಗುವುದು ಗಾಳಿಯಿಂದಲೇ ತಾನೆ. ಹಾಗಾಗಿ ಅದೇ ವಿಮಾನ, ಅದೇ ತೂಕ, ಡಿಸೆಂಬರಿನ ಬೆಳಗ್ಗೆ ಒಂದು ಲೆಕ್ಕ, ಏಪ್ರಿಲ್ ಮಧ್ಯಾಹ್ನ ಇನ್ನೊಂದು ಲೆಕ್ಕ.

ಅಂಥ ಒಂದು ಏಪ್ರಿಲ್ ಮಧ್ಯಾಹ್ನ ನನಗೆ ಮರೆಯುವುದಿಲ್ಲ. ವಿಮಾನ ಪೂರ್ತಿ ಭರ್ತಿ, ಮದುವೆಗೆ ಹೊರಟ ದೊಡ್ಡ ಕುಟುಂಬ. ತೂಕದ ಲೆಕ್ಕ ಇರುವ ಲೋಡ್ ಶೀಟ್ ನೋಡಿದ ಪೈಲಟ್ ಇಷ್ಟು ಕಿಲೋ ಇಳಿಸಿ ಅಂದರು. ಜನರನ್ನು ಇಳಿಸುವ ಹಾಗಿಲ್ಲ, ಲಗೇಜು ಇಳಿಸಿದೆವು. ಎಟಿಆರ್‌ನಲ್ಲಿ ಜನ ಹತ್ತುವುದು ಹಿಂದಿನ ಬಾಗಿಲಿಂದ, ಲಗೇಜು ಮುಂದಿನ ಕೋಣೆಗೆ ಹೋಗುತ್ತದೆ. ಆ ಕುಟುಂಬದ ಹಿರಿಯ ಅಮ್ಮ ಕಿಟಕಿಯಲ್ಲಿ ತಮ್ಮ ಪೆಟ್ಟಿಗೆಗಳು ಟ್ರಾಲಿಗೆ ವಾಪಸ್ ಬರುವುದನ್ನು ನೋಡಿಬಿಟ್ಟರು. ನಾನು ವಿಷಯ ತಿಳಿಸಲು ಒಳಗೆ ಹೋದಾಗ, "ಯಾಕಪ್ಪ, ನಮ್ಮ ಪೆಟ್ಟಿಗೆ ಅಷ್ಟು ಭಾರ ಆಯ್ತಾ?" ಅಂದರು. "ಪೆಟ್ಟಿಗೆ ಅಲ್ಲಮ್ಮ, ಬಿಸಿಲು ಭಾರ ಆಯ್ತು" ಅಂದೆ. ಹಣ ಕೊಟ್ಟವರು ಅವರು, ತಪ್ಪು ಅವರದ್ದಲ್ಲ, ಪೈಲಟ್‌ದೂ ಅಲ್ಲ. ಪೆಟ್ಟಿಗೆ ಮರುದಿನದ ವಿಮಾನದಲ್ಲಿ ತಲುಪಿತು. ಇನ್ನು ಮುನ್ನೂರು ಮೀಟರ್ ರನ್‌ವೇ ಇದ್ದಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಸಣ್ಣ ನಿಲ್ದಾಣದ ಕೆಲಸ ಹೇಗೆ ನಡೆಯುತ್ತದೆ ಅಂತಲೂ ಕೇಳಿದ್ದೀರಿ. ವಿಮಾನ ಬರುವ ಮೊದಲು ಜೀಪು ರನ್‌ವೇ ಉದ್ದಕ್ಕೂ ಹೋಗಿ ಬರುತ್ತದೆ. ಕಲ್ಲು, ಸತ್ತ ಹಕ್ಕಿ, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್, ಏನಿದ್ದರೂ ತೆಗೆಯಬೇಕು. ಅಗ್ನಿಶಾಮಕ ವಾಹನ ಸಿದ್ಧವಾಗಿ ನಿಲ್ಲುತ್ತದೆ. ಏನಾದರೂ ಆದರೆ ಮೂರು ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. ವಿಮಾನ ಇಳಿದು ತಾನು ನಿಲ್ಲುವ ಜಾಗಕ್ಕೆ ಬಂದ ಮೇಲೆ ಮೊದಲು ಗಾಲಿಗೆ ಚಾಕ್, ಆಮೇಲೆ ಬಾಲದ ಕೆಳಗೆ ಒಂದು ಊರುಗೋಲು. ಇದನ್ನು ಪ್ರಯಾಣಿಕರು ಗಮನಿಸುವುದೇ ಇಲ್ಲ. ಎಲ್ಲರೂ ಹಿಂದಿನ ಬಾಗಿಲಲ್ಲೇ ಇಳಿಯುವುದರಿಂದ ತೂಕವೆಲ್ಲ ಬಾಲಕ್ಕೆ ಬಂದು ಮೂತಿ ಮೇಲೆದ್ದುಬಿಡಬಹುದು. ಅದಕ್ಕೆ ಆ ಆಸರೆ. ಹೊರಡುವ ಮೊದಲು ಅದನ್ನು ತೆಗೆದು ಪೈಲಟ್‌ಗೆ ತೋರಿಸಬೇಕು.

ಇನ್ನೊಂದು ನೋಟ ನನಗೆ ಬಲು ಇಷ್ಟ. ಎಟಿಆರ್‌ನ ಬಾಲದಲ್ಲಿ ದೊಡ್ಡ ವಿಮಾನದ ಹಾಗೆ ಕರೆಂಟು ಕೊಡುವ ಮೂರನೇ ಸಣ್ಣ ಎಂಜಿನ್ ಇಲ್ಲ. ನಿಂತಿರುವಾಗ ಒಳಗಿನ ದೀಪಕ್ಕೂ ತಂಪಿಗೂ ಬಲಗಡೆಯ ಎಂಜಿನ್ ಚಾಲೂ ಇಟ್ಟು, ಅದರ ಪ್ರೊಪೆಲರಿಗೆ ಮಾತ್ರ ಬ್ರೇಕ್ ಹಾಕುತ್ತಾರೆ. ಅದಕ್ಕೆ 'ಹೋಟೆಲ್ ಮೋಡ್' ಅನ್ನುತ್ತಾರೆ. ಎಂಜಿನ್ ಭೋರ್ಗರೆಯುತ್ತಿರುತ್ತದೆ, ಪ್ರೊಪೆಲರ್ ಕಂಬದ ಹಾಗೆ ಅಲುಗದೆ ನಿಂತಿರುತ್ತದೆ. ಹೊಸಬರು ಕೆಲಸಕ್ಕೆ ಬಂದಾಗ ಮೊದಲು ಹೇಳಿಕೊಡುವುದು ಇದನ್ನೇ: ಪ್ರೊಪೆಲರ್ ನಿಂತಿದೆ ಅಂತ ಆ ಕಡೆ ಹೋಗಬೇಡಿ.

ಇನ್ನು ನಿಮ್ಮ ಎರಡನೇ ಅರ್ಧ, ಯಾಕೆ ನಿಲ್ಲುತ್ತೆ ಅನ್ನುವುದು. ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ ಒಂದಷ್ಟು ಸೀಟುಗಳ ಬೆಲೆಯನ್ನು ಮೊದಲಿಗೆ ಸುಮಾರು 2500 ರೂಪಾಯಿಗೆ ಕಟ್ಟಿಹಾಕಿದ್ದರು. ಕಂಪನಿಗೆ ಆಗುವ ನಷ್ಟವನ್ನು ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ತುಂಬುತ್ತವೆ. ಆದರೆ ಮೂರು ವರ್ಷ ಮಾತ್ರ. ಆಮೇಲೆ ಆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನದಲ್ಲಿ ಅದು ಕಷ್ಟ. ಪೈಲಟ್, ಎಂಜಿನಿಯರ್, ಇಂಧನ, ಎಲ್ಲದರ ಖರ್ಚನ್ನು ಅಷ್ಟೇ ಜನ ಹಂಚಿಕೊಳ್ಳಬೇಕು. ಜೆಟ್‌ನಲ್ಲಿ 180 ಜನ ಹಂಚಿಕೊಳ್ಳುತ್ತಾರೆ.

ಬೆಂಗಳೂರು ಮಾರ್ಗದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಊರಿನ ಕೆಲವರಿಗೆ ಇಷ್ಟವಾಗದಿರಬಹುದು. ಮೈಸೂರಿನಿಂದ ಬೆಂಗಳೂರಿಗೆ ವಿಮಾನ ಬೇಕು ಅಂತ ಹಟ ಹಿಡಿದು ನಾವು ಸಮಯ ಕಳೆದೆವು. ಇರುವುದು 140 ಕಿಲೋಮೀಟರ್. ವಿಮಾನ ಮೇಲೇರಿ ನೆಟ್ಟಗಾಗುವ ಹೊತ್ತಿಗೆ ಇಳಿಯಬೇಕು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲಂತೂ ಕಾರಿನವರು ಕೆಂಗೇರಿಗೆ ಒಂದೂವರೆ ಗಂಟೆಯಲ್ಲಿ ಹೋಗುತ್ತಾರೆ. ದೇವನಹಳ್ಳಿಯಲ್ಲಿ ವಿಮಾನ ಹಿಡಿಯುವವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ನಮಗೆ ಬೇಕಾಗಿರುವುದು ದೆಹಲಿ, ಮುಂಬೈ, ಕೋಲ್ಕತ್ತಾಗೆ ನೇರ ವಿಮಾನ. ಇನ್ಫೋಸಿಸ್ ಕ್ಯಾಂಪಸ್ಸಿಗೆ ತರಬೇತಿಗೆ ಬರುವ ಮಕ್ಕಳು, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಬರುವ ವಿಜ್ಞಾನಿಗಳು, ದಸರೆಗೆ ಬರುವವರು, ಇವರೆಲ್ಲ ಇಂದು ದೇವನಹಳ್ಳಿಯಲ್ಲಿ ಇಳಿದು ನಾಲ್ಕು ಗಂಟೆ ರಸ್ತೆಯಲ್ಲಿ ಕಳೆಯುತ್ತಾರೆ. ಅವರ ಲೆಕ್ಕ ಮೈಸೂರಿನ ಖಾತೆಗೆ ಬೀಳುವುದೇ ಇಲ್ಲ. ಅದನ್ನು ನೋಡಿದವರು 'ಮೈಸೂರಿನಲ್ಲಿ ಬೇಡಿಕೆ ಇಲ್ಲ' ಅನ್ನುತ್ತಾರೆ.

ಮೈಸೂರು ನಿಲ್ದಾಣ ಬೆಳೆಯಲು ಕಾನೂನು ಅಡ್ಡ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಬೆಂಗಳೂರಿನ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 25 ವರ್ಷ ಬರಬಾರದು ಅನ್ನುವ ಷರತ್ತು ಆ ನಿಲ್ದಾಣದ ಒಪ್ಪಂದದಲ್ಲಿ ಇರುವುದು ನಿಜ. ಆದರೆ ಅದೇ ಷರತ್ತಿನಲ್ಲಿ ಮೈಸೂರು, ಹಾಸನ ಎರಡನ್ನೂ ಹೊರಗಿಟ್ಟಿದ್ದಾರೆ. ನಮಗೆ ಆ ಅಡ್ಡಿ ಇಲ್ಲ.

ರನ್‌ವೇ ಉದ್ದ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಹುಬ್ಬಳ್ಳಿ ನೋಡಿ. ಅಲ್ಲಿಯೂ ಹಿಂದೆ ನಮ್ಮಷ್ಟೇ ಗಿಡ್ಡ ರನ್‌ವೇ ಇತ್ತು, ಬರುತ್ತಿದ್ದದ್ದು ಪ್ರೊಪೆಲರ್ ವಿಮಾನವೇ. ಅದನ್ನು 2600 ಮೀಟರಿಗೆ ಬೆಳೆಸಿದರು, 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಆಯಿತು, ಜೆಟ್‌ಗಳು ಇಳಿದವು. 2019ರಲ್ಲಿ ಶುರುವಾದ ಕಲಬುರಗಿಯಲ್ಲೂ 2023ರಲ್ಲಿ ಶುರುವಾದ ಶಿವಮೊಗ್ಗದಲ್ಲೂ ಮೂರು ಕಿಲೋಮೀಟರ್ ಮೀರಿದ ರನ್‌ವೇ ಇದೆ. ರಾಜರ ಕಾಲದಿಂದ ಏರೋಡ್ರೋಮ್ ಇರುವ ಮೈಸೂರು ಮಾತ್ರ ಹಿಂದೆ ಉಳಿದಿದೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಮೈಸೂರಿನ ರನ್‌ವೇಯನ್ನು 2750 ಮೀಟರಿಗೆ ಬೆಳೆಸುವ ಯೋಜನೆ ಇದೆ. ಅಂದರೆ ಇನ್ನೂ 1010 ಮೀಟರ್ ಸೇರಬೇಕು. ಅಡ್ಡ ಇರುವುದು ಮೈಸೂರು-ನಂಜನಗೂಡು ರಾಷ್ಟ್ರೀಯ ಹೆದ್ದಾರಿ 766. ಊಟಿಗೆ ಹೋಗುವವರೆಲ್ಲ ಹೋಗುವ ದಾರಿ ಅದು. ಹೆದ್ದಾರಿಯನ್ನು ರನ್‌ವೇಯ ಕೆಳಗೆ ಅಂಡರ್‌ಪಾಸ್ ಮಾಡಿ ದಾಟಿಸುವ ಯೋಚನೆ ಬಹಳ ಕಾಲ ಇತ್ತು. ಖರ್ಚು ದೊಡ್ಡದು. ಹೆದ್ದಾರಿಯನ್ನೇ ಸುತ್ತು ಹಾಕಿಸುವುದು ಇನ್ನೊಂದು ದಾರಿ. ನನ್ನ ಮಟ್ಟಿಗೆ ಎರಡನೆಯದೇ ಸರಿ. ರಸ್ತೆ ಬಳಸಿ ಹೋದರೆ ನಾಲ್ಕು ನಿಮಿಷ ತಡವಾಗುತ್ತದೆ, ಅಷ್ಟೆ.

ಜಮೀನಿನ ಮಾತು ಬಂದಾಗ ಕೆಲವರು "ಬರೀ ಒಂದು ಕಿಲೋಮೀಟರ್ ತಾನೆ, ರನ್‌ವೇ ಅಗಲಕ್ಕೆ ಜಾಗ ಕೊಟ್ಟರಾಯ್ತು" ಅನ್ನುತ್ತಾರೆ. ಹಾಗಲ್ಲ. ರನ್‌ವೇ ಮುಗಿದ ಮೇಲೂ ವಿಮಾನ ಜಾರಿಹೋದರೆ ನಿಲ್ಲಲು ಖಾಲಿ ನೆಲ ಬೇಕು, ಎರಡು ಪಕ್ಕದಲ್ಲೂ ಬೇಕು. ಮಂಡಕಳ್ಳಿ ಟರ್ಮಿನಲ್ ಉದ್ಘಾಟನೆಯಾದ ಅದೇ ಮೇ ತಿಂಗಳ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಆ ಖಾಲಿ ನೆಲ ದಂಡ ಅಂತ ಅಂದವರಿಗೆ ನಾನು ಯಾವಾಗಲೂ ಅದನ್ನು ನೆನಪಿಸುತ್ತೇನೆ. ಆ ನೆಲ ಸುತ್ತಲಿನ ಹಳ್ಳಿಯ ರೈತರದ್ದು. ಹೊಲ ಬಿಟ್ಟುಕೊಡುವವರಿಗೆ ಪರಿಹಾರದ ಹಣ ಮೊದಲು ಕೈಗೆ ಸಿಗಬೇಕು, ಆಮೇಲೆ ಬೇಲಿ ಹಾಕಬೇಕು. ಅದು ತಿರುವುಮುರುವಾದ ಕಡೆಯೆಲ್ಲ ಕೆಲಸ ಕೋರ್ಟಿನಲ್ಲಿ ಹತ್ತು ವರ್ಷ ಕೂತಿದೆ.

ಸದ್ಯಕ್ಕೆ ಎಟಿಆರ್‌ನಲ್ಲಿ ಹೊರಡುವುದಾದರೆ ಎರಡು ಮಾತು. ಬೇಸಿಗೆಯಲ್ಲಿ ಬೆಳಗಿನ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ, ಔಷಧಿ ಮತ್ತು ಮದುವೆಯ ಒಡವೆ ಕೈಚೀಲದಲ್ಲೇ ಇರಲಿ. ಕಿಟಕಿ ಪಕ್ಕ ಕೇಳಿ ತೆಗೆದುಕೊಳ್ಳಿ. ರೆಕ್ಕೆ ತಲೆಯ ಮೇಲಿರುವ ವಿಮಾನ ಇದು, ಕೆಳಗಿನದು ಯಾವುದೂ ಮರೆಯಾಗುವುದಿಲ್ಲ. ಚಾಮುಂಡಿ ಬೆಟ್ಟ ಅಷ್ಟು ಹತ್ತಿರದಲ್ಲಿ ಜೆಟ್‌ನಲ್ಲಿ ಕಾಣುವುದಿಲ್ಲ.