ಕಾಯಬಲ್ಲ ಬೆಳೆ, ಕಾಯಲಾರದ ಕೂಲಿ

ಕೊರೊನಾ ಕಾಲದಲ್ಲಿ ಕೊಡಗಿನವರು ಬರುವ ಪ್ರವಾಸಿಗರನ್ನು ತಡೆದು ತಮ್ಮ ಹೊಟ್ಟೆಗೆ ತಾವೇ ಕಲ್ಲು ಹಾಕಿಕೊಂಡರಲ್ಲವೇ, ಜೀವ ಮತ್ತು ಜೀವನೋಪಾಯಗಳ ನಡುವೆ ನಿಮ್ಮ ಜಿಲ್ಲೆ ಮಾಡಿದ ಆಯ್ಕೆ ಸರಿಯೇ ಎಂದು ತಾವು ಕೇಳಿದ್ದೀರಿ. ಈ ಪ್ರಶ್ನೆಗೆ ರಾಜಧಾನಿಯಲ್ಲಿ ಕುಳಿತು ಉತ್ತರಿಸುವುದು ಬೇರೆ, ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕೇರಳದ ಗಡಿಯ ಮಾಕುಟ್ಟದ ಕಡೆಗೆ ಇಳಿಯುವ ರಸ್ತೆಯ ಬದಿಯಲ್ಲಿ ಬದುಕುತ್ತ ಉತ್ತರಿಸುವುದು ಬೇರೆ. ನಾನು ಎರಡನೆಯ ಗುಂಪಿನವನು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಬೆಳೆಯುವವನು ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನ ಮಾತಿನಲ್ಲಿ ತೋಟದವನ ಪಕ್ಷಪಾತ ಕಂಡರೆ ತಾವು ಅಷ್ಟನ್ನು ಕಳೆದು ಓದಬಹುದು.

ಮೊದಲು ಆರೋಗ್ಯದ ಮಾತು. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ರೈಲು ಇಲ್ಲ, ವಿಮಾನ ನಿಲ್ದಾಣ ಇಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜು ಆರಂಭವಾದದ್ದೇ 2016ರಲ್ಲಿ. ಹೃದಯಕ್ಕೋ ಮೆದುಳಿಗೋ ಸಂಬಂಧಿಸಿದ ಕಾಯಿಲೆ ಬಂದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು, ಇಲ್ಲವೇ ಘಾಟಿ ಇಳಿದು ಮಂಗಳೂರು ಸೇರಬೇಕು. ದಕ್ಷಿಣ ಕೊಡಗಿನವರಲ್ಲಿ ಅನೇಕರು ಕಣ್ಣೂರಿನ ದಾರಿ ಹಿಡಿಯುತ್ತಾರೆ. ಸಾಂಕ್ರಾಮಿಕಕ್ಕೆ ಹಿಂದಿನ ವರ್ಷ, 2019ರ ಜೂನ್‌ನಲ್ಲಿ, ಜಿಲ್ಲೆಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಕೊಡಗಿನ ಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ಅಂಥ ಜಿಲ್ಲೆಯಲ್ಲಿ ವಾರಾಂತ್ಯಕ್ಕೆ ಹೊರಗಿನಿಂದ ಸಾವಿರಾರು ಜನ ಬಂದು ಹೋಗಲಿ ಎಂದು ಹೇಳುವ ಧೈರ್ಯ ಯಾರಿಗಿತ್ತು? 2020ರ ಮಾರ್ಚ್ 19ರಂದು, ವಿದೇಶದಿಂದ ಮರಳಿದ್ದ ಒಬ್ಬರಲ್ಲಿ ಸೋಂಕು ದೃಢಪಟ್ಟಾಗ ಊರೂರುಗಳಲ್ಲಿ ಹರಡಿದ ಭಯವನ್ನು ಹೊರಗಿನವರು ಅತಿರೇಕ ಎಂದರು. ಆಸ್ಪತ್ರೆಗಳಲ್ಲಿ ಹಾಸಿಗೆಗಳು ಎಷ್ಟಿವೆ ಎಂದು ಬಲ್ಲವರ ಭಯ ಅದಾಗಿತ್ತು. ಸೋಂಕಿನ ಪ್ರಮಾಣ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗಳನ್ನು ವಿಂಗಡಿಸಿದ ಮೇ 1ರ ಪಟ್ಟಿಯಲ್ಲಿ ಕೊಡಗು ಹಸಿರು, ಅಂದರೆ ಸೋಂಕಿಲ್ಲದ, ವಲಯದಲ್ಲಿತ್ತು. ಆ ಮೊದಲ ಮುಚ್ಚುಗಡೆಯನ್ನು ನಾನು ಇಂದಿಗೂ ಸಮರ್ಥಿಸುತ್ತೇನೆ. 2021ರ ಮೇ ಆರಂಭದಲ್ಲಿ ಮೈಸೂರಿನ ನೆರೆಯ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ತೀರಿಕೊಂಡ ಸುದ್ದಿ ಬಂದಾಗ, ಮೈಸೂರಿನತ್ತ ಮುಖ ಮಾಡಿ ಬದುಕುವ ನಮ್ಮಂಥ ಜಿಲ್ಲೆಯವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ಆರ್ಥಿಕತೆ. ಈ ಪದವನ್ನು ಒಂದೇ ಗಂಟಾಗಿ ಕಟ್ಟಿ ತಕ್ಕಡಿಯಲ್ಲಿಟ್ಟದ್ದರಿಂದಲೇ ಚರ್ಚೆಯೆಲ್ಲ ದಾರಿ ತಪ್ಪಿತೆಂದು ನನ್ನ ಅಭಿಪ್ರಾಯ. ಕೊಡಗಿನ ಆದಾಯದಲ್ಲಿ ಕಾಯಬಲ್ಲದ್ದೂ ಇದೆ, ಕಾಯಲಾರದ್ದೂ ಇದೆ. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿದಾಗ ರೊಬಸ್ಟಾ ಕಾಫಿಯ ಕೊಯ್ಲು ಬಹುಪಾಲು ಮುಗಿದಿತ್ತು. ಕಣದಲ್ಲಿ ಒಣಗಿದ ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ಚೀಲ ಕಟ್ಟಿ ಗೋದಾಮಿಗೆ ಹಾಕಿದರೆ ಅದು ಬೆಲೆಗಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಕರಿಮೆಣಸು ಇನ್ನೂ ಹೆಚ್ಚು ಕಾಲ ಕಾಯುತ್ತದೆ. ಬಳ್ಳಿಯಿಂದ ಇಳಿಸಲು ಆಳು ಸಿಕ್ಕರೆ ಸಾಕು. ಅವಸರ ಇದ್ದುದು ಕಾಫಿಯ ಹೂವರಳಿಸುವ ಹೂಮಳೆ ಬಾರದ ಕಡೆ ಸ್ಪ್ರಿಂಕ್ಲರ್ ಹಾಯಿಸುವುದಕ್ಕೆ ಮತ್ತು ಅದಕ್ಕೆ ಬೇಕಾದ ಡೀಸೆಲ್ಲಿಗೆ. ಕೃಷಿ ಚಟುವಟಿಕೆಗೆ ವಿನಾಯಿತಿ ದೊರೆತ ಮೇಲೆ ಅದೂ ಹೇಗೋ ನಡೆಯಿತು. ಸಾಲ ಇತ್ತು, ಬಡ್ಡಿ ಏರಿತು, ಬೆಲೆಯ ಚಿಂತೆ ಇತ್ತು. ಆದರೂ ತೋಟವಿದ್ದವನು ಹಸಿದು ಮಲಗಲಿಲ್ಲ ಎಂಬುದನ್ನು ನಾವು, ಬೆಳೆಗಾರರು, ಸಭೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

ಹೋಂಸ್ಟೇಯ ಖಾಲಿ ಕೋಣೆಯನ್ನು ಹಾಗೆ ಚೀಲ ಕಟ್ಟಿಡಲಾಗದು. ಶನಿವಾರ ರಾತ್ರಿ ಖಾಲಿ ಉಳಿದ ಕೋಣೆಯ ಬಾಡಿಗೆ ಹೋಯಿತೆಂದರೆ ಹೋಯಿತು. ಮಾಂದಲಪಟ್ಟಿಗೆ ಜನರನ್ನು ಕರೆದೊಯ್ಯುವ ಬಾಡಿಗೆ ಜೀಪಿನ ಚಾಲಕ, ದುಬಾರೆಯಲ್ಲಿ ರ‍್ಯಾಫ್ಟ್ ನಡೆಸುವ ಹುಡುಗ, ರಾಜಾಸೀಟಿನ ಬಳಿ ಚುರುಮುರಿ ಮಾರುವವರು, ಹೋಂಸ್ಟೇಯಲ್ಲಿ ಅಡುಗೆ ಮಾಡಿ ಪಾತ್ರೆ ತೊಳೆಯುವ ಹೆಂಗಸರು, ಇವರೆಲ್ಲರ ದುಡಿಮೆಯೂ ಅಂದಂದಿನದು. ಇದರ ಜೊತೆಗೆ ಹಿಂದಿನ ಪೆಟ್ಟುಗಳಿದ್ದವು. 2018ರ ಆಗಸ್ಟ್‌ನ ಭೂಕುಸಿತದಿಂದ ಕೊಡಗೆಂದರೆ ಜನ ಹೆದರುವಂತಾಯಿತು. 2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ, ಮತ್ತೆ ಕುಸಿತ. 2020ರಲ್ಲಿ ಸೋಂಕಿನ ನಡುವೆಯೇ ತಲಕಾವೇರಿಯ ಬೆಟ್ಟ ಜರಿಯಿತು. ಎರಡು ವರ್ಷ ಮಳೆಯಿಂದ ಸೋತು, ಮೂರನೆಯ ವರ್ಷ ಬೇಸಿಗೆಯಲ್ಲಾದರೂ ಕಂತು ತೀರಿಸೋಣ ಎಂದುಕೊಂಡಿದ್ದವರಿಗೆ ಬೇಸಿಗೆಯೇ ಇಲ್ಲವಾಯಿತು. ಆದರೆ ಆದೇಶ ಇಲ್ಲದಿದ್ದರೆ ವ್ಯಾಪಾರ ನಡೆಯುತ್ತಿತ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸೋಂಕು ಏರುತ್ತಿದ್ದಾಗ ಬೇರೆ ಊರಿಗೆ ಹೋಗಿ ಮಲಗಲು ಕುಟುಂಬಸ್ಥರು ಹಿಂಜರಿದರು. ಹಳ್ಳಿಗಳಲ್ಲಿ ಜನ ತಾವಾಗಿಯೇ ರಸ್ತೆಗೆ ಬಿದಿರು ಅಡ್ಡ ಕಟ್ಟಿದರು. ರೋಗ ಇರುವ ತನಕ ಪ್ರವಾಸೋದ್ಯಮ ಅರ್ಧಂಬರ್ಧವಾಗಿಯೇ ಇರುತ್ತಿತ್ತು.

ತೋಟದ ಕೂಲಿಯವರು ವಾಸಿಸುವ ಲೈನ್‌ಮನೆಗಳನ್ನೂ ತಿತಿಮತಿ, ನಾಗರಹೊಳೆ ಬದಿಯ ಆದಿವಾಸಿಗಳ ಹಾಡಿಗಳನ್ನೂ ನೋಡಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲಿ, ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ ಇರುವಲ್ಲಿ, ಸೋಂಕಿತರನ್ನು ಪ್ರತ್ಯೇಕವಾಗಿರಿಸಿ ಎಂಬ ಸಲಹೆಗೆ ಏನು ಅರ್ಥ? ತೋಟದ ನಡುವೆ ದೂರದ ಮನೆಯಲ್ಲಿರುವ ನನ್ನಂಥವನು ರೋಗದಿಂದಲೂ ದೂರವಿದ್ದ, ಗೋದಾಮಿನ ಚೀಲಗಳಿಂದಾಗಿ ಹಸಿವಿನಿಂದಲೂ ದೂರವಿದ್ದ. ಎಲ್ಲವನ್ನೂ ತೆರೆದಿದ್ದರೆ ಮೊದಲು ಸೋಂಕು ತಗಲುತ್ತಿದ್ದುದು ಲೈನ್‌ಮನೆಯವರಿಗೆ; ಎಲ್ಲವನ್ನೂ ಮುಚ್ಚಿದಾಗ ಮೊದಲು ಒಲೆ ಆರಿದ್ದೂ ಅವರದ್ದೇ. ಹಾಗಾಗಿ ಜೀವದ ಪರ ಒಂದು ವರ್ಗ, ದುಡಿಮೆಯ ಪರ ಇನ್ನೊಂದು ವರ್ಗ ಎಂದು ವಾದ ಹೂಡುವವರು ಇಲ್ಲಿಯ ಕೂಲಿಯವರನ್ನು ಕಂಡಿಲ್ಲವೆಂದೇ ಹೇಳಬೇಕು. 2020ರ ಏಪ್ರಿಲ್‌ನಿಂದ ತಲಾ 5 ಕಿಲೋ ಉಚಿತ ಧಾನ್ಯ ಬಂದದ್ದು ನಿಜಕ್ಕೂ ಆಸರೆಯಾಯಿತು, ಪಡಿತರ ಚೀಟಿ ಇದ್ದವರಿಗೆ. ಅಸ್ಸಾಮಿನಿಂದ ಕೊಯ್ಲಿಗೆಂದು ಬಂದು ಇಲ್ಲೇ ಸಿಕ್ಕಿಕೊಂಡವರ ಚೀಟಿ ಅವರ ಊರಿನಲ್ಲಿತ್ತು.

ಗಡಿಯ ವಿಷಯಕ್ಕೆ ಬರುತ್ತೇನೆ; ತಾವು ಕೇಳದಿದ್ದರೂ ಇದನ್ನು ಹೇಳದೆ ನನ್ನ ಉತ್ತರ ಪೂರ್ಣವಾಗದು. ಕೇರಳಕ್ಕೆ ನಮ್ಮ ಮುಖ್ಯ ದಾರಿಗಳು ಮೂರು: ಮಾಕುಟ್ಟದಿಂದ ಇರಿಟ್ಟಿಗೆ, ಕುಟ್ಟದಿಂದ ವಯನಾಡಿಗೆ, ಭಾಗಮಂಡಲದಿಂದ ಕರಿಕೆಯ ಮೂಲಕ ಪಾಣತ್ತೂರಿಗೆ. ಈ ದಾರಿಗಳಲ್ಲಿ ಮೀನು ಬರುತ್ತದೆ, ತರಕಾರಿ ಹೋಗುತ್ತದೆ, ಶುಂಠಿ ಬೆಳೆಯಲು ಗದ್ದೆ ಗುತ್ತಿಗೆ ಹಿಡಿದವರು ಓಡಾಡುತ್ತಾರೆ, ಮದುವೆಯ ದಿಬ್ಬಣಗಳು ಬರುತ್ತವೆ. ಕರಿಕೆಯವರಿಗಂತೂ ಅಂಗಡಿಗೂ ವೈದ್ಯರಿಗೂ ಪಾಣತ್ತೂರೇ ಹತ್ತಿರ. ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಬರಲು ಕಾಡಿನ ಘಾಟಿ ಹತ್ತಬೇಕು. 2020ರ ಮಾರ್ಚ್ ಕೊನೆಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಲಾಯಿತು, ಮಾಕುಟ್ಟದಲ್ಲೂ. ಮಂಗಳೂರು–ಕಾಸರಗೋಡು ದಾರಿಯ ಗಡಿ ತಲಪಾಡಿಯಲ್ಲಿ ರೋಗಿಗಳನ್ನು ತಡೆದ ವಿವಾದ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವ ಹೊತ್ತಿಗೆ ತುರ್ತು ರೋಗಿಗಳ ಸಂಚಾರಕ್ಕೆ ಒಂದು ಕ್ರಮ ಗೊತ್ತಾಯಿತು. ಜನರ ಸುಮ್ಮನೆ ಓಡಾಟವನ್ನು ನಿಲ್ಲಿಸಿದ್ದು ಸರಿ. ಆದರೆ ಆರೋಗ್ಯ ಕಾಪಾಡುವ ಹೆಸರಿನಲ್ಲಿ ಆಸ್ಪತ್ರೆಯ ದಾರಿಗೇ ಮಣ್ಣು ಹಾಕುವುದನ್ನು ಯಾವ ಲೆಕ್ಕದಲ್ಲೂ ಆರೋಗ್ಯದ ಖಾತೆಗೆ ಬರೆಯಲಾಗದು. ಡಯಾಲಿಸಿಸ್ ಬೇಕಾದವನೂ ಹೆರಿಗೆ ನೋವಿನವಳೂ ಆದೇಶಕ್ಕಾಗಿ ಕಾಯಲಾರರು.

2021ರಲ್ಲಿ ಗಡಿಜಿಲ್ಲೆಯ ಪಾಡು ಇನ್ನೊಂದು ಬಗೆಯದಾಯಿತು. ಜುಲೈ 5ರಿಂದ ರಾಜ್ಯದ ಉಳಿದೆಡೆ ನಿರ್ಬಂಧ ಸಡಿಲಿದಾಗ, ಸೋಂಕಿನ ಪ್ರಮಾಣ ಇನ್ನೂ ಹೆಚ್ಚಿದ್ದ ಕಾರಣಕ್ಕೆ ಕೊಡಗನ್ನು ಮಾತ್ರ ಹೊರಗಿಡಲಾಯಿತು. ಅಂಕಿ ಹಾಗಿದ್ದುದರಿಂದ ಅದನ್ನು ಒಪ್ಪಬಹುದಿತ್ತು. ಆಗಸ್ಟ್‌ನಲ್ಲಿ ಕೇರಳ ಮತ್ತು ಮಹಾರಾಷ್ಟ್ರದ ಗಡಿಗೆ ಹೊಂದಿದ ಎಂಟು ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಬಂತು. ಶುಕ್ರವಾರ ರಾತ್ರಿ 9ರಿಂದ ಸೋಮವಾರ ಬೆಳಗಿನ 5ರವರೆಗೆ. ಇಲ್ಲಿಗೆ ಪ್ರವಾಸಿಗರು ಬರುವುದೇ ಆ ಎರಡು ದಿನ ಎಂದಾಗ, ವಾರಾಂತ್ಯ ಮುಚ್ಚುವುದೆಂದರೆ ವಾರವನ್ನೇ ಮುಚ್ಚಿದಂತೆ. ಗೋಣಿಕೊಪ್ಪಲಿನ ಸಂತೆ ಭಾನುವಾರದ್ದು, ಅದೂ ನಿಂತಿತು. ನಕ್ಷೆಯ ಗೆರೆಯ ಪಕ್ಕದಲ್ಲಿರುವ ಕಾರಣಕ್ಕೆ ರಾಜ್ಯದ ಪರವಾಗಿ ನಾವು ಕಾವಲು ನಿಲ್ಲಬೇಕೆಂದರೆ ನಿಲ್ಲೋಣ, ಆದರೆ ಕಾವಲಿನ ಸಂಬಳವನ್ನು ಜೀಪಿನ ಚಾಲಕನ ಮನೆಯಿಂದಲೇ ಕಿತ್ತುಕೊಳ್ಳುವುದು ನ್ಯಾಯವೇ?

ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ ನೆರವಿನಲ್ಲಿ ಟ್ಯಾಕ್ಸಿ, ಆಟೊ ಚಾಲಕರಿಗೆ 3,000 ರೂಪಾಯಿ, ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ಇತ್ತು. ಮುಚ್ಚುಗಡೆ ತಿಂಗಳುಗಟ್ಟಲೆ ನಡೆದ ಜಿಲ್ಲೆಗೂ ಬೇಗ ತೆರೆದ ಜಿಲ್ಲೆಗೂ ಮೊತ್ತ ಒಂದೇ. ಮುಚ್ಚಿದ ದಿನಗಳಿಗೆ ತಕ್ಕಂತೆ, ಕಾಯಲಾರದವರ ಪಟ್ಟಿಯನ್ನು ಪಂಚಾಯತಿಗಳಿಂದಲೇ ಮಾಡಿಸಿ ಹಣ ಕೊಟ್ಟಿದ್ದರೆ, ಇನ್ನೂ ಎರಡು ವಾರ ಮುಚ್ಚಿ ಎಂದರೂ ಜನ ಗೊಣಗದೆ ಒಪ್ಪುತ್ತಿದ್ದರು. ಅದಕ್ಕೆ ನಮ್ಮಂಥ ಬೆಳೆಗಾರರಿಂದ ತುಸು ಹೆಚ್ಚು ತೆರಿಗೆ ಕೇಳಿದ್ದರೂ ತಪ್ಪಿರಲಿಲ್ಲ ಎಂದರೆ ನನ್ನ ನೆರೆಯವರು ಮುನಿಸಿಕೊಂಡಾರು.

2023ರ ಸೆಪ್ಟೆಂಬರ್‌ನಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಮತ್ತೆ ಕಾಣಿಸಿದಾಗ ನಮ್ಮ ಸರ್ಕಾರ ಸೋಂಕಿನ ಪ್ರದೇಶಕ್ಕೆ ಅನಗತ್ಯ ಪ್ರಯಾಣ ಬೇಡವೆಂದಿತು, ಗಡಿಜಿಲ್ಲೆಗಳಲ್ಲಿ ಜ್ವರದ ಮೇಲೆ ನಿಗಾ ಇಡಿಸಿತು, ದಾರಿಗಳನ್ನು ಮುಚ್ಚಲಿಲ್ಲ. ನಿಪಾ ಅಷ್ಟು ಸುಲಭವಾಗಿ ಹರಡುವ ರೋಗವಲ್ಲ, ಆದ್ದರಿಂದ ಎರಡನ್ನೂ ಸಮಕ್ಕೆ ಹೋಲಿಸಲಾಗದು. ಆದರೂ ಕರಿಕೆಯವರು ಆ ದಿನಗಳಲ್ಲೂ ಪಾಣತ್ತೂರಿನ ವೈದ್ಯರ ಬಳಿಗೆ ಹೋಗಿ ಬರಲು ಸಾಧ್ಯವಾಯಿತು.