ಪೇಂಟ್ ಆಗದ ಪದ್ಮಿನಿಯನ್ನು ರಸ್ತೆಗೆ ಇಳಿಸಬಹುದೇ?

ಪ್ರಶ್ನೆ: ಅಪ್ಪಯ್ಯ ತೀರಿಕೊಂಡು ಮೂರು ವರ್ಷವಾಯಿತು. ಅವರ 1986ರ ಪ್ರೀಮಿಯರ್ ಪದ್ಮಿನಿ ಕೊಟ್ಟಿಗೆಯ ಒಂದು ಮೂಲೆಯಲ್ಲಿ ನಿಂತೇ ಇತ್ತು. ಅಡಿಕೆ ದುಡ್ಡು ಕೈಗೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಸರಿ ಮಾಡಿಸುತ್ತಾ ಬಂದಿದ್ದೇನೆ. ಎಂಜಿನ್ ಬೋರಿಂಗ್ ಆಗಿ ಹೊಸ ಪಿಸ್ಟನ್, ರಿಂಗ್ ಕೂತಿವೆ. ಟಿಂಕರಿಂಗ್ ಮುಗಿದು ಬೂದು ಪ್ರೈಮರ್ ಹೊಡೆದಿದ್ದಾರೆ. ಒಳಗೆ ಸೀಟಿನ ಸ್ಪ್ರಿಂಗ್ ಬಿಟ್ಟರೆ ಏನೂ ಇಲ್ಲ. ಬ್ರೇಕ್ ಹಿಡಿಯುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ. ಪೇಂಟ್ ಮತ್ತು ಒಳಗಿನ ಕೆಲಸಕ್ಕೆ ಮುಂದಿನ ವರ್ಷವೇ ದುಡ್ಡು ಹೊಂದಿಸಬೇಕು. ಅಮ್ಮನಿಗೆ 74 ವರ್ಷ. ಅಪ್ಪಯ್ಯ ಇದೇ ಕಾರನ್ನು ಲಾಂಚಿಗೆ ಹತ್ತಿಸಿ ಸಿಗಂದೂರಿಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಸೇತುವೆ ಆಗಿದೆಯಲ್ಲ, ಅದರ ಮೇಲೆ ಒಂದು ಸಲ ಇದೇ ಕಾರಲ್ಲಿ ಹೋಗಬೇಕು ಅಂತಾರೆ. ಈಗಲೇ ಓಡಿಸಬಹುದೋ, ಪೂರ್ತಿ ಮುಗಿಯುವವರೆಗೆ ಕಾಯಬೇಕೋ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಓಡಿಸಿ. ಕಾಯಬೇಡಿ. ಆದರೆ ನೀವು ಬರೆದಿರುವ ಸ್ಥಿತಿಯಲ್ಲೇ ನಾಳೆ ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಹೊರಡಬೇಡಿ. ಶಿವರಾತ್ರಿ ಈಗಷ್ಟೇ ಕಳೆದಿದೆ, ಮಿರ್ಗದ ಮಳೆ ಹಿಡಿಯಲು ಮೂರು ತಿಂಗಳ ಮೇಲಿದೆ. ಸರಿಯಾಗಿ ಬಳಸಿಕೊಂಡರೆ ಅಷ್ಟು ದಿನ ಸಾಕು.

ಮೊದಲು ಆ ವಾರಕ್ಕೊಮ್ಮೆಯ ಹತ್ತು ನಿಮಿಷವನ್ನು ನಿಲ್ಲಿಸಿ. ಒಳ್ಳೆಯದಾಗಲಿ ಎಂದೇ ಮಾಡುತ್ತಿದ್ದೀರಿ, ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ಹೊಸದಾಗಿ ಬೋರ್ ಮಾಡಿದ ಎಂಜಿನ್ನಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಹೊಸ ರಿಂಗು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವುದು ಎಂಜಿನ್ ಮೇಲೆ ಭಾರ ಬಿದ್ದಾಗ. ನಿಂತಲ್ಲೇ ಗುರುಗುಟ್ಟಿಸಿದರೆ ಗೋಡೆ ಗಾಜಿನಂತೆ ನುಣುಪಾಗುತ್ತದೆ, ರಿಂಗು ಕೂರುವುದಿಲ್ಲ, ಮುಂದೆ ಜೀವಮಾನವೆಲ್ಲ ಆಯಿಲ್ ಕುಡಿಯುತ್ತದೆ. ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಹೋಗುವ ಹೆಚ್ಚಿನ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆದು ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಸುತ್ತದೆ. ಹತ್ತು ನಿಮಿಷದಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೂ ಇಲ್ಲ, ಹೊಗೆಯ ನೀರಿನಂಶ ಅದರೊಳಗೇ ನಿಂತು ತುಕ್ಕು ಹಿಡಿಸುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಭಾಗ ನೋಡಿ. ಮಜ್ಜಿಗೆ ಕಡೆದಾಗ ಮೇಲೆ ಬರುವ ನೊರೆಯಂಥದ್ದು ಬಿಳಿಯಾಗಿ ಅಂಟಿದ್ದರೆ ಬಹುಪಾಲು ಅದು ಈ ನೀರೇ. ನಾಲ್ಕು ದಿನ ಚೆನ್ನಾಗಿ ಓಡಿಸಿದ ಮೇಲೂ ಹೋಗದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಓಡಿಸಿ ಎನ್ನುವುದಕ್ಕೆ ಎರಡನೇ ಕಾರಣ ನನ್ನದೇ ತಪ್ಪಿನಿಂದ ಕಲಿತದ್ದು. ಬಹಳ ಹಿಂದೆ ಶಿವಮೊಗ್ಗದಲ್ಲಿ ಒಂದು ಕೆನೆ ಬಣ್ಣದ ಪದ್ಮಿನಿಯನ್ನು ಪೂರ್ತಿ ಮುಗಿಸಿದ್ದೆ. ಪೇಂಟು, ಕ್ರೋಮು, ಒಳಗಿನ ರೂಫ್ ಲೈನಿಂಗ್, ಎಲ್ಲಾ. ಮುಗಿಯುವವರೆಗೆ ಶೆಡ್ಡಿನಿಂದ ಹೊರಗೆ ಓಡಿಸಿರಲಿಲ್ಲ. ಮೊದಲ ದಿನ ತೀರ್ಥಹಳ್ಳಿ ಕಡೆಗೆ ಹೊರಟೆವು. ಮಂಡಗದ್ದೆ ದಾಟುವಷ್ಟರಲ್ಲಿ ಏರಿನಲ್ಲಿ ಎಂಜಿನ್ ಶಬ್ದ ಮಾತ್ರ ಏರುತ್ತಿದೆ, ಗಾಡಿ ಏರುತ್ತಿಲ್ಲ. ಎಂಜಿನ್ ಹಿಂಭಾಗದಲ್ಲಿ ಕ್ರ್ಯಾಂಕಿನಿಂದ ಆಯಿಲ್ ಸೋರಿ ಕ್ಲಚ್ ಪ್ಲೇಟು ನೆನೆದುಹೋಗಿತ್ತು. ವಾಪಸ್ ತಂದು ಎಂಜಿನ್ ಮೇಲೆತ್ತುವಾಗ ಚೈನಿನಲ್ಲಿ ನೇತಾಡುತ್ತಿದ್ದ ಬ್ಲಾಕು ಒಂದೇ ಒಂದು ಸಲ ತೂಗಿ ಎಡ ಮಡ್‌ಗಾರ್ಡಿಗೆ ತಾಗಿತು. ಹೆಬ್ಬೆರಳಿನಗಲ ಪೇಂಟು ಎದ್ದು ಒಳಗಿನ ಪ್ರೈಮರ್ ಕಂಡಿತು. ಅಷ್ಟಕ್ಕೆ ಇಡೀ ಮಡ್‌ಗಾರ್ಡನ್ನು ಮತ್ತೆ ಹೊಡೆಯಬೇಕಾಯಿತು, ಬಾಗಿಲಿನ ಬಣ್ಣಕ್ಕೆ ಅದು ಕೊನೆಗೂ ಕೂಡಲಿಲ್ಲ. ಪ್ರೈಮರಿನಲ್ಲೇ ಐವತ್ತು ಕಿಲೋಮೀಟರ್ ಓಡಿಸಿದ್ದರೆ ಆ ಸೋರಿಕೆ ಅಲ್ಲೇ ಗೊತ್ತಾಗುತ್ತಿತ್ತು. ಅಂದಿನಿಂದ ಪೇಂಟಿಗೆ ಮುಂಚೆ ಟ್ರಯಲ್ ಓಡಿಸದ ಗಾಡಿಯನ್ನು ನಾನು ಪೇಂಟರ್ ಕೈಗೆ ಕೊಟ್ಟಿಲ್ಲ. ನಿಮ್ಮದು ಈಗ ಸರಿಯಾಗಿ ಆ ಹಂತದಲ್ಲಿದೆ. ದುಡ್ಡಿಲ್ಲದೆ ನಿಂತಿದೆ ಎಂದು ನೀವು ಬೇಸರಪಟ್ಟಂತಿದೆ, ನನಗೆ ಮಾತ್ರ ಇದೇ ಸರಿಯಾದ ಸಮಯ ಎನಿಸುತ್ತದೆ.

ಈಗ ಬ್ರೇಕು. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ಬ್ರೇಕ್ ಹಿಡಿಯುತ್ತದೆ’ ಎಂಬ ಎರಡು ಪದ. ಅಂಗಳದಲ್ಲಿ ಎಲ್ಲಾ ಬ್ರೇಕೂ ಹಿಡಿಯುತ್ತವೆ. ಈ ಗಾಡಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಆ ಕಾಲದ ಪದ್ಮಿನಿಗಳಲ್ಲಿ ನಾನು ಬಿಚ್ಚಿ ನೋಡಿದಂತೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಲೈನ್ ಒಂದೇ. ಒಂದು ಚಕ್ರದಲ್ಲಿ ಒಂದು ರಬ್ಬರ್ ವಾಷರ್ ಕೈಕೊಟ್ಟರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಮೂರು ವರ್ಷ ನಿಂತ ಗಾಡಿಯಲ್ಲಿ ವಾಷರ್ ಗಟ್ಟಿಯಾಗಿ ಬಿರುಸಾಗಿರುತ್ತದೆ, ವೀಲ್ ಸಿಲಿಂಡರಿನ ಒಳಗೆ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ. ಡ್ರಮ್ ಕಳಚಿ, ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಸ್ಕ್ರೂಡ್ರೈವರಿನಿಂದ ನಿಧಾನವಾಗಿ ಎತ್ತಿ ನೋಡಿ. ಒಳಗೆ ಒಣಗಿದ್ದರೆ ಸರಿ. ಬೆರಳಿಗೆ ಹಸಿ ತಾಗಿದರೆ ಸೋರುತ್ತಿದೆ ಎಂದೇ ಅರ್ಥ. ಆಮೇಲೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ಕಾಲು ನಿಧಾನಕ್ಕೆ ಕೆಳಗಿಳಿದರೆ, ಹೊರಗೆಲ್ಲೂ ಸೋರದಿದ್ದರೂ ಮಾಸ್ಟರ್ ಸಿಲಿಂಡರ್ ಕೆಲಸ ಕೇಳುತ್ತಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಪರೀಕ್ಷೆಗೂ ಕಾಯದೆ ನಾಲ್ಕೂ ಚಕ್ರದ ವಾಷರ್, ಮೂರೂ ರಬ್ಬರ್ ಹೋಸ್, ಮಾಸ್ಟರಿನ ಕಿಟ್ ಬದಲಾಯಿಸಿಬಿಡುತ್ತಿದ್ದೆ.

ಬ್ರೇಕ್ ಆಯಿಲನ್ನೂ ಪೂರ್ತಿ ತೆಗೆಸಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಕಮ್ಮಿ? ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಇದ್ದರೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಹತ್ತಿಯ ಮೇಲೆ ಕಾಲಿಟ್ಟಂತೆ ಇಳಿದುಹೋಗುತ್ತದೆ. ಅದಕ್ಕೇ ಈ ವರ್ಷ ಆಗುಂಬೆ ಘಾಟಿಯಾಗಲಿ ಹುಲಿಕಲ್ ಘಾಟಿಯಾಗಲಿ ಇಳಿಯುವ ಯೋಚನೆ ಬೇಡ.

ಬ್ರೇಕಿನಷ್ಟೇ ಮುಖ್ಯವಾದದ್ದು ಬಾಡಿಯ ಕೆಳಭಾಗ. ಜೀಪಿನಂತೆ ಇದಕ್ಕೆ ಬೇರೆ ಛಾಸಿ ಇಲ್ಲ, ತಗಡಿನ ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ, ಜ್ಯಾಕ್ ಕೊಡುವ ಜಾಗ, ಹಿಂದಿನ ಪಟ್ಟಾ ಸ್ಪ್ರಿಂಗ್ ಕೂರುವ ಕಡೆ, ಇಲ್ಲೆಲ್ಲ ಟಿಂಕರಿಂಗಿನವರು ಹೊಸ ತಗಡು ಬೆಸೆದಿದ್ದಾರೋ ಅಥವಾ ತೂತಿನ ಮೇಲೆ ಪುಟ್ಟಿ ಬಳಿದಿದ್ದಾರೋ ನೋಡಿಕೊಳ್ಳಿ. ಅಯಸ್ಕಾಂತ ಹಿಡಿದರೆ ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಗೆ ಅಂಟುವುದಿಲ್ಲ. ಅಲ್ಲಿ ಪುಟ್ಟಿ ಸಿಕ್ಕಿದರೆ ನನ್ನ ಉತ್ತರ ಬದಲಾಗುತ್ತದೆ: ಬೆಸುಗೆ ಆಗುವವರೆಗೆ ಗಾಡಿ ಕದಲಬಾರದು.

ಉಳಿದದ್ದು ಬೇಗ ಹೇಳುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಗೀರು ಎಷ್ಟೇ ಆಳವಿರಲಿ, ಹತ್ತು ವರ್ಷದ ಟೈರು ಬೇಡ. ಸ್ಟೇರಿಂಗ್ ಪ್ಲೇ, ಹೆಡ್‌ಲೈಟು, ಬ್ರೇಕ್ ಲೈಟು, ವೈಪರ್, ಹಾರ್ನು ಕೆಲಸ ಮಾಡಬೇಕು. ಸೀಟಿಗೆ ಬಟ್ಟೆ ಇಲ್ಲದಿದ್ದರೂ ಸರಿ, ಫ್ಲೋರಿಗೆ ಬೋಲ್ಟ್ ಗಟ್ಟಿಯಾಗಿ ಬಿಗಿದಿರಬೇಕು. ಪೆಟ್ರೋಲಿನ ಹಳೇ ರಬ್ಬರ್ ಪೈಪುಗಳನ್ನೆಲ್ಲ ಕಿತ್ತೆಸೆದು ಎಥೆನಾಲ್ ತಡೆಯುವಂಥದ್ದನ್ನು ಹಾಕಿಸಿ. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಅದರಲ್ಲಿ ಉಬ್ಬಿ ಬಿರುಕು ಬಿಡುತ್ತದೆ, ಸೋರಿದ ಹನಿ ಬೀಳುವುದು ಬಿಸಿ ಎಂಜಿನ್ ಮೇಲೆ. ಬೆಂಕಿ ಆರಿಸುವ ಒಂದು ಸಣ್ಣ ಸಿಲಿಂಡರ್ ಡ್ರೈವರ್ ಕೈಗೆ ಎಟುಕುವಲ್ಲಿ ಇರಲಿ. ಕಾರ್ಪೆಟ್, ಬಾಗಿಲ ಒಳಪಟ್ಟಿ, ಬಂಪರಿನ ಹೊಳಪು ಇವ್ಯಾವುವೂ ಇಲ್ಲದೆ ನಿರಾಳವಾಗಿ ಓಡಿಸಬಹುದು.

ಕಾಗದಪತ್ರದ ವಿಷಯ ನೀವು ಬರೆದೇ ಇಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲವೂ ಗಾಡಿ ತೋರಿಸಬೇಕು. ಅಪ್ಪಯ್ಯನವರ ಹೆಸರಲ್ಲೇ ಆರ್‌ಸಿ ಇದ್ದರೆ ಮರಣ ಪ್ರಮಾಣಪತ್ರದೊಂದಿಗೆ ಫಾರಂ 31 ಕೊಟ್ಟು ನಿಮ್ಮ ಹೆಸರಿಗೋ ಅಮ್ಮನ ಹೆಸರಿಗೋ ಮಾಡಿಸಿ, ವಿಮೆಯೂ ಅದೇ ಹೆಸರಿಗೆ ಬರಲಿ. ತೀರಿಕೊಂಡವರ ಹೆಸರಿನ ಗಾಡಿ ಯಾರಿಗಾದರೂ ತಾಗಿದರೆ ಆ ಮನೆಯವರಿಗೂ ನಿಮಗೂ ವರ್ಷಗಟ್ಟಲೆ ಅಲೆದಾಟ. ಹೊಗೆ ತಪಾಸಣೆಯ ಚೀಟಿಯೂ ಬೇಕು. ಬೇರೆ ಬಣ್ಣ ಹೊಡೆಸುವ ಆಸೆಯಿದ್ದರೆ ಅದನ್ನೂ ಆರ್‌ಸಿಯಲ್ಲಿ ನಮೂದಿಸಬೇಕು. ಅಪ್ಪಯ್ಯನ ಕಾಲದ ಬಣ್ಣವನ್ನೇ ಉಳಿಸಿ ಎಂಬುದು ನನ್ನ ಕೋರಿಕೆ.

ಇಷ್ಟಾದ ಮೇಲೆ ಮೊದಲ ವಾರ ಮನೆಯಿಂದ ಸಾಗರ ಪೇಟೆಗೆ ಹೋಗಿ ಬನ್ನಿ, ಒಬ್ಬರೇ. ಗಂಟೆಗೆ 50 ಕಿ.ಮೀ. ಮೀರದಂತೆ, ಆದರೆ ಒಂದೇ ವೇಗದಲ್ಲೂ ಹೋಗದೆ, ಏರಿನಲ್ಲಿ ಒಂದು ಗೇರ್ ಇಳಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಓಡಿಸಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಪ್ರತಿ ಸಲ ಬಂದು ನಿಲ್ಲಿಸಿದಾಗ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಹನಿಗಳು ಯಾವುದು ಎಲ್ಲಿಂದ ಸೋರುತ್ತಿದೆ ಎಂದು ತಾವೇ ಹೇಳುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 500 ಕಿ.ಮೀ. ಆದಾಗ ಎಂಜಿನ್ ಆಯಿಲ್ ಬದಲಿಸಿ, ಹೆಡ್ ಬೋಲ್ಟ್ ಮತ್ತು ಟ್ಯಾಪೆಟ್ ನೋಡಿಸಿ. ಅಷ್ಟರಲ್ಲಿ ಬ್ರೇಕಿನ ಲೈನರೂ ಡ್ರಮ್ಮಿಗೆ ಹೊಂದಿರುತ್ತದೆ. ಆಮೇಲೆ ಅಮ್ಮನನ್ನು ಕೂರಿಸಿಕೊಳ್ಳಿ. 2025ರ ಜುಲೈನಲ್ಲಿ ತೆರೆದ ಆ ಸೇತುವೆ ಸುಮಾರು ಎರಡೂವರೆ ಕಿಲೋಮೀಟರ್ ಇದೆ, ಶರಾವತಿ ಹಿನ್ನೀರು ಎರಡೂ ಕಡೆ ಕಾಣುತ್ತದೆ. ನಿಧಾನಕ್ಕೆ ಹೋಗಿ. ಸ್ಪ್ರಿಂಗಿನ ಮೇಲೆ ಒಂದು ಹಾಸಿಗೆ ಮಡಚಿ ಹಾಕಿದರೆ ಅವರಿಗೆ ಸಾಕು. 74ರ ತಾಯಿಯನ್ನು ಪೇಂಟಿಗಾಗಿ ಇನ್ನೊಂದು ವರ್ಷ ಕಾಯಿಸಬೇಡಿ.

ಒಂದು ಗಡಿ ಮಾತ್ರ ದಾಟಬೇಡಿ. ಅದು ಮಳೆ. ಸಾಮಾನ್ಯ ಪ್ರೈಮರ್ ನೋಡಲು ಬಣ್ಣದಂತಿದ್ದರೂ ನೀರು ತಡೆಯುವುದಿಲ್ಲ, ಸಣ್ಣ ಸಣ್ಣ ರಂಧ್ರಗಳಿಂದ ಹೀರಿಕೊಳ್ಳುತ್ತದೆ. ಅದರ ಕೆಳಗಿನ ಪುಟ್ಟಿಯೂ ಹಾಗೆಯೇ. ಭರಣಿ ಮಳೆಯ ಒಂದು ಹೊಡೆತಕ್ಕೆ ಸಿಕ್ಕಿ ಆಮೇಲೆ ಬಿಸಿಲಿಗೆ ಒಣಗಿದರೆ ದೊಡ್ಡ ನಷ್ಟವಿಲ್ಲ. ಆರಿದ್ರಾ, ಪುನರ್ವಸುವಿನಲ್ಲಿ ವಾರಗಟ್ಟಲೆ ತೇವ ಕೂತರೆ ಒಳಗೇ ತುಕ್ಕು ಏಳುತ್ತದೆ, ಮುಂದಿನ ವರ್ಷ ಹೊಡೆದ ಪೇಂಟು ಗುಳ್ಳೆ ಗುಳ್ಳೆಯಾಗಿ ಎದ್ದಾಗ ಎಲ್ಲರೂ ಪೇಂಟರನ್ನು ಬೈಯುತ್ತಾರೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೇ ಕೊನೆಯೊಳಗೆ ಉಜ್ಜಿಸಿ, ಒಂದು ಕೋಟ್ ಎಪಾಕ್ಸಿ ಪ್ರೈಮರ್ ಹೊಡೆಸಿಡಿ. ಅದು ನೀರನ್ನು ತಡೆಯುತ್ತದೆ, ಮುಂದೆ ಅದರ ಮೇಲೆಯೇ ಕೆಲಸ ಮುಂದುವರಿಸಬಹುದು. ಅದಕ್ಕೂ ಆಗದಿದ್ದರೆ ಜೂನ್‌ನಿಂದ ಗಾಡಿ ಒಳಗಿರಲಿ. ದನ ಕಟ್ಟುವ ಕೊಟ್ಟಿಗೆ ಬೇಡ, ಗಂಜಲದ ಅಮೋನಿಯಾ ಲೋಹವನ್ನು ತಿನ್ನುತ್ತದೆ. ಮೈಗೆ ತಾಗುವಂತೆ ಟಾರ್ಪಾಲ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಮೇಲೆ ಸೂರು, ಸುತ್ತ ಗಾಳಿ ಇದ್ದರೆ ಸಾಕು. ಮಳೆಗಾಲದಲ್ಲಿ ಕಡಿಮೆಗೆ ಹೊಡೆದುಕೊಡುತ್ತೇವೆ ಎಂದು ಯಾರಾದರೂ ಬಂದರೆ ಒಪ್ಪಬೇಡಿ. ಆ ತೇವದಲ್ಲಿ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ.

ಪ್ರಶ್ನೆ: ನಮ್ಮಣ್ಣ ಹಳೇ ಜೀಪೊಂದನ್ನು ಛಾಸಿವರೆಗೂ ಬಿಚ್ಚಿ ಗೋಣಿಚೀಲಗಳಲ್ಲಿ ತುಂಬಿಟ್ಟು ಕೆಲಸದ ಮೇಲೆ ಊರು ಬಿಟ್ಟಿದ್ದಾನೆ. ತೋಟದ ಓಡಾಟಕ್ಕಾದರೂ ಆಗಲಿ, ಇದ್ದದ್ದನ್ನು ಜೋಡಿಸಿ ಓಡಿಸೋಣ ಅಂತ ಮನೆಯಲ್ಲಿ ಹೇಳ್ತಾರೆ. ಸರಿಯಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಇಲ್ಲಮ್ಮ, ಇದಕ್ಕೆ ಕಾಯಿರಿ. ಮೇಲಿನವರ ಗಾಡಿ ಜೋಡಿಸಿ ಆಗಿದೆ, ಓಡಿಸಿ ಪರೀಕ್ಷಿಸಬೇಕಾದ ಹಂತ. ನಿಮ್ಮದು ಇನ್ನೂ ಬಿಡಿಭಾಗ. ಬಿಚ್ಚಿದವರು ಊರಿನಲ್ಲಿಲ್ಲದಾಗ ಅವಸರದಲ್ಲಿ ಜೋಡಿಸಿದ ಜೀಪಿನಲ್ಲಿ ಯಾವ ಬೋಲ್ಟಿಗೆ ಲಾಕ್ ಪಿನ್ ಬಿಟ್ಟುಹೋಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ತೋಟದ ಇಳಿಜಾರೂ ಇಳಿಜಾರೇ, ಹಿಂದೆ ಆಳುಗಳು ನಿಂತಿರುತ್ತಾರೆ.

ಈಗ ಛಾಸಿ ಬರಿದಾಗಿರುವುದೇ ಅನುಕೂಲ. ಸ್ಪ್ರಿಂಗ್ ಹ್ಯಾಂಗರ್‌ಗಳ ಹತ್ತಿರ, ಸ್ಟೇರಿಂಗ್ ಬಾಕ್ಸ್ ಕೂರುವ ಕಡೆ ಬಿರುಕು ಬಿಟ್ಟಿದೆಯೇ ಎಂದು ಉಜ್ಜಿ ನೋಡಿಸಿ, ಬೆಸುಗೆ ಮಾಡಿಸಿ, ರೆಡ್ ಆಕ್ಸೈಡ್ ಹೊಡೆಸಿ ಮೇಲೊಂದು ಕೋಟ್ ಪೇಂಟ್ ಬಳಿಸಿಡಿ. ಬಾಡಿ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಚೀಲ ಸುರಿದು, ಇದು ಯಾವ ಕಡೆಯದು ಎಂದು ಕೇಳಿ ಚೀಟಿ ಕಟ್ಟಿ. ಅವರ ನೆನಪು ಮಾಸುವ ಮೊದಲು ಆ ಕೆಲಸ ಆಗಬೇಕು. ವೈರಿಂಗ್ ಇರುವ ಚೀಲವನ್ನು ಮಾತ್ರ ಇವತ್ತೇ ನೆಲದಿಂದ ಎತ್ತಿ, ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿ. ಮಳೆ ಹಿಡಿದೊಡನೆ ಇಲಿಗಳು ಗದ್ದೆಯಿಂದ ಮನೆಗೆ ಬರುತ್ತವೆ, ಮೊದಲು ಹಲ್ಲು ಹಾಕುವುದು ಅದಕ್ಕೇ.